ಗುಳೆ ಹೋದ ಮಕ್ಕಳ ಕನ್ನಡ ಎಷ್ಟು ಮುಂದೆ ಹೋಗಿದೆ ಅಂತ ಫೋನಿನಲ್ಲಿ ತಿಳಿಯೋದು ಹೇಗೆ?

ಲಿಂಗಸುಗೂರು_ಅಕ್ಕೋರು
ಎಲ್ಲರಿಗೂ ನಮಸ್ಕಾರ. ಲಿಂಗಸುಗೂರು ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತೇನೆ. ನಮ್ಮ ಕಡೆಯ ಕಥೆ ನಿಮಗೆ ಗೊತ್ತೇ ಇದೆ. ಸುಗ್ಗಿ ಮುಗಿಯಿತು ಅಂದರೆ ಮನೆಗೆ ಮನೆಯೇ ಬೀಗ ಹಾಕಿಕೊಂಡು ಗುಳೆ ಹೊರಡುತ್ತದೆ. ನನ್ನ ಎಂಟನೇ ಕ್ಲಾಸಿನ ಕೆಲವು ಮಕ್ಕಳು ಈಗ ಅಪ್ಪ ಅಮ್ಮನ ಜೊತೆ ಬೆಂಗಳೂರಿನಲ್ಲಿದ್ದಾರೆ. ಕಟ್ಟಡದ ಕೆಲಸ, ತಗಡಿನ ಶೆಡ್ಡಿನಲ್ಲಿ ವಾಸ. ಅಲ್ಲೇ ಹತ್ತಿರದ ಶಾಲೆಗೆ ಹಾಕಿ ಅಂದರೆ "ಯುಗಾದಿಗೆ ಬಂದಬಿಡ್ತೀವ್ರೀ ಅಕ್ಕೋರ" ಅನ್ನುತ್ತಾರೆ. ಹೆಸರು ಇನ್ನೂ ನಮ್ಮ ಹಾಜರಿಯಲ್ಲೇ ಇದೆ. ಸುಮ್ನೆ ಬಿಡಲು ಮನಸ್ಸಾಗದೆ ವಾಟ್ಸಾಪ್‌ನಲ್ಲಿ ಪಾಠ ಕಳಿಸುತ್ತೇನೆ, ಅವರು ನೋಟ್‌ಬುಕ್ ಫೋಟೋ ಕಳಿಸುತ್ತಾರೆ.

ತೊಂದರೆ ಏನಂದರೆ, ಬರುವ ಫೋಟೋಗಳೆಲ್ಲ ಬಹಳ ಚೆಂದ! ಪ್ರಶ್ನೋತ್ತರ ಸರಿ, ಒತ್ತಕ್ಷರ ಸರಿ, ಪೂರ್ಣವಿರಾಮ ಕೂಡ ಸರಿ. ಊರಲ್ಲಿದ್ದಾಗ 'ವಿದ್ಯಾರ್ಥಿ' ಬರೆಯಲು ತಿಣುಕುತ್ತಿದ್ದ ಒಬ್ಬ ಹುಡುಗ ಮೊನ್ನೆ 'ಸ್ವಾತಂತ್ರ್ಯೋತ್ಸವ' ಅಂತ ಒಂದೂ ತಪ್ಪಿಲ್ಲದೆ ಬರೆದು ಕಳಿಸಿದ್ದಾನೆ. ನಂಬಲೋ ಬಿಡಲೋ?

ಎಫ್‌ಎ (ವರ್ಷದ ನಡುವೆ ಶಾಲೆಯಲ್ಲೇ ಮಾಡುವ ರೂಪಣಾತ್ಮಕ ಮೌಲ್ಯಮಾಪನ) ಅಂಕ ತುಂಬುವುದು ದೊಡ್ಡ ಕೆಲಸವಲ್ಲ. ಏನೋ ಒಂದು ಹಾಕಬಹುದು. ನನಗೆ ಬೇಕಾಗಿರುವುದು ಬೇರೆ. ಈ ಮಕ್ಕಳ ಓದು ಬರಹ ಮುಂದೆ ಹೋಗಿದೆಯೋ, ನಿಂತಿದೆಯೋ, ಹಿಂದೆ ಬಂದಿದೆಯೋ ಅಂತ ದೂರದಿಂದ ತಿಳಿಯುವುದು ಹೇಗೆ? ಕೊರೊನಾ ಕಾಲದಲ್ಲಿ ನೀವೆಲ್ಲ ಏನು ಮಾಡಿದಿರಿ, ಅದರಲ್ಲಿ ಯಾವುದು ನಿಜಕ್ಕೂ ಕೆಲಸಕ್ಕೆ ಬಂತು ಹೇಳಿ.

ಕುಷ್ಟಗಿ ಮಾಸ್ತರ
ಫೋಟೋ ನೋಡಿ ಅಂಕ ಕೊಟ್ಟರೆ ಆ ಅಂಕ ಗೈಡಿಗೆ ಸೇರುತ್ತದೆ, ಹುಡುಗನಿಗಲ್ಲ. ಬಿಟ್ಟುಬಿಡಿ ಅದನ್ನು.

2020ರಲ್ಲಿ ನನ್ನ ಹತ್ತನೇ ಕ್ಲಾಸಿನ ಗ್ರೂಪಿಗೆ ಭಾಮಿನಿ ಷಟ್ಪದಿಯ ಒಂದು ಪದ್ಯ ಕೊಟ್ಟು ಪ್ರಸ್ತಾರ ಹಾಕಿ, ಅಂದರೆ ಗುರು (ಎರಡು ಮಾತ್ರೆ), ಲಘು (ಒಂದು ಮಾತ್ರೆ) ಗುರುತು ಹಾಕಿ ಎಣಿಸಿ ಅಂದಿದ್ದೆ. ಮೂರನೇ ಸಾಲಿಗೆ 23 ಮಾತ್ರೆ ಬರಬೇಕು, ಕೊನೆಗೆ ಒಂದು ಗುರು ಉಳಿಯಬೇಕು, ಅಲ್ವಾ? ಮೊದಲು ಕಳಿಸಿದವನು ಆ ಕೊನೆಯ ಗುರುವನ್ನು ಲಘು ಮಾಡಿ 22ಕ್ಕೆ ನಿಲ್ಲಿಸಿದ್ದ. ಆಮೇಲೆ ಬಂದ ಅಷ್ಟೂ ಫೋಟೋದಲ್ಲಿ ಅದೇ ಲಘು, ಅದೇ 22. ಒಬ್ಬಳಂತೂ ಅವನು ಚಿತ್ತು ಮಾಡಿದ ಜಾಗದಲ್ಲಿ ತಾನೂ ಚಿತ್ತು ಮಾಡಿದ್ದಳು!

ಬಳ್ಳಾರಿ ಬಿಸಿಲು
ಹಾಗಾದರೆ ಆ ಮೊದಲನೆಯವನು ಸ್ವಂತ ಬುದ್ಧಿಯಿಂದ ತಪ್ಪು ಮಾಡಿದ್ದ ಅಂತಾಯಿತು. ಅವನಿಗೆ ಪೂರ್ತಿ ಅಂಕ ಕೊಡಬೇಕಿತ್ತು ಮಾಸ್ತರೇ.

ಕುಷ್ಟಗಿ ಮಾಸ್ತರ
ಕೊಟ್ಟೆ ರೀ. ನಗಬೇಡಿ, ನಿಜವಾಗಿಯೂ ಕೊಟ್ಟೆ.

ಗಂಗಾವತಿಯವಳು
ನಾನು ಪ್ರೈಮರಿ, ನಲಿಕಲಿ ಅಂದರೆ ಆಡುತ್ತಾ ಕಲಿಯುವ ಸಣ್ಣ ತರಗತಿಯ ಮಕ್ಕಳು. ಆದರೂ ಹೇಳುತ್ತೇನೆ. ಅಕ್ಕೋರೇ, ಬರಹ ಬಿಡಿ, ದನಿ ಕೇಳಿ.

ನಾನು ಮಾಡುವುದು ಹೀಗೆ. ಮಗು ಹಿಂದೆ ಓದಿರದ ಒಂದು ಸಣ್ಣ ಭಾಗ, ಏಳೆಂಟು ಸಾಲು ಇದ್ದರೆ ಸಾಕು, ಅದರ ಫೋಟೋ ಕಳಿಸುತ್ತೇನೆ. ಕಳಿಸುವ ಮೊದಲು ಫೋನ್ ಮಾಡಿ ಮಗುವೇ ಎದುರಿಗಿದೆ ಅಂತ ಖಚಿತ ಮಾಡಿಕೊಳ್ಳುತ್ತೇನೆ. ಫೋಟೋ ಬಂದ ಕೂಡಲೇ ಗಟ್ಟಿಯಾಗಿ ಓದಿ ವಾಯ್ಸ್ ನೋಟ್ ಕಳಿಸಬೇಕು. ಓದಿ ಮುಗಿದ ಮೇಲೆ ಪುಸ್ತಕ ನೋಡದೆ "ಏನಾಯ್ತು ಅದರಲ್ಲಿ?" ಅಂತ ತನ್ನ ಮಾತಲ್ಲಿ ಹೇಳಬೇಕು. ಅಷ್ಟೇ.

ಇದನ್ನು ಕಾಪಿ ಮಾಡಲು ಆಗುವುದಿಲ್ಲ. ಯಾರಾದರೂ ಪಕ್ಕದಲ್ಲಿ ಕೂತು ಪಿಸುಗುಟ್ಟಿದರೆ ಅದೂ ಕೇಳಿಸುತ್ತದೆ. ತಿಂಗಳಿಗೊಮ್ಮೆ ಇಂಥದ್ದೊಂದು ಇಟ್ಟುಕೊಂಡರೆ ಸಾಕು, ಮೊದಲನೆಯದನ್ನೂ ಕೊನೆಯದನ್ನೂ ಒಟ್ಟಿಗೆ ಹಾಕಿ ಕೇಳಿದರೆ ನಿಮಗೇ ಗೊತ್ತಾಗುತ್ತದೆ.

ಕೇಳುವಾಗ ನಾನು ತಪ್ಪು ಲೆಕ್ಕ ಹಾಕುವುದಿಲ್ಲ. ಎಲ್ಲಿ ನಿಲ್ಲುತ್ತಾರೆ ನೋಡುತ್ತೇನೆ. 'ಮ… ರ… ದ… ಕೆ… ಳ… ಗೆ' ಅಂತ ಅಕ್ಷರಕ್ಕೊಮ್ಮೆ ನಿಲ್ಲುವ ಮಗು ಬೇರೆ, 'ಮರದ ಕೆಳಗೆ' ಅಂತ ಓದಿ ಉಸಿರು ತೆಗೆದುಕೊಳ್ಳುವ ಮಗು ಬೇರೆ. ಇನ್ನೊಂದು, ತಪ್ಪು ಓದಿ ತಾನೇ ವಾಪಸ್ ಬಂದು ಸರಿ ಮಾಡಿಕೊಳ್ಳುತ್ತದಾ ಅನ್ನುವುದು. ಹಾಗೆ ವಾಪಸ್ ಬಂದರೆ ಅರ್ಥ ಮಾಡಿಕೊಂಡು ಓದುತ್ತಿದೆ ಅಂತ ಲೆಕ್ಕ. 'ಹೊಲಕ್ಕೆ' ಅಂತ ಇದ್ದದ್ದನ್ನು 'ಹೊಲಕ' ಅಂತ ಓದಿದರೆ ನಾನು ತಪ್ಪು ಅನ್ನುವುದೇ ಇಲ್ಲ. ಮನೆಯಲ್ಲಿ ಅದೇ ಮಾತು. ಅರ್ಥವಾಗಿದೆ ಅಂತಲೇ ಹಾಗೆ ಓದಿದೆ.

ಸಂಡೂರು_ಗುಡ್ಡ
ಇದಕ್ಕೆ ಸರ್ಕಾರದ ಅಳತೆಯೇ ಇದೆಯಲ್ಲ. 2021ರ ಜುಲೈನಲ್ಲಿ ಶುರುವಾದ, ಸಣ್ಣ ಮಕ್ಕಳ ಓದು ಲೆಕ್ಕಕ್ಕಾಗಿ ಇರುವ ಕೇಂದ್ರದ ನಿಪುಣ್ ಭಾರತ್ ಯೋಜನೆಯಲ್ಲಿ ಮೂರನೇ ತರಗತಿ ಮುಗಿಯುವಾಗ ನಿಮಿಷಕ್ಕೆ ಕನಿಷ್ಠ 60 ಪದ ಅರ್ಥ ಮಾಡಿಕೊಂಡು ಓದಬೇಕು ಅಂತ ಗುರಿ ಇಟ್ಟಿದ್ದಾರೆ. ವಾಯ್ಸ್ ನೋಟ್‌ನಲ್ಲಿ ಸಮಯ ತಾನೇ ತೋರಿಸುತ್ತದೆ. ಪದ ಎಣಿಸಿ, ನಿಮಿಷದಿಂದ ಭಾಗಿಸಿ, ಬರೆದಿಡಿ. ಎಂಟನೇ ಕ್ಲಾಸಿನವರಿಗೆ ಇದಕ್ಕಿಂತ ಜಾಸ್ತಿ ಇರಬೇಕು ಅಷ್ಟೇ. "ಕೇಳಿದರೆ ಗೊತ್ತಾಗುತ್ತದೆ" ಅಂದರೆ ಯಾರಿಗೆ ಏನು ಗೊತ್ತಾಯಿತು ಅಂತ ಬೇರೆಯವರಿಗೆ ತೋರಿಸುವುದು ಹೇಗೆ?

ಗಂಗಾವತಿಯವಳು
ಸರ್, 60 ಪದ ಅಂತ ಹೇಳುವುದು ಸುಲಭ. ಇಂಗ್ಲಿಷ್‌ನಲ್ಲಿ ನಾಲ್ಕು ಪದ ಆಗುವುದು ಕನ್ನಡದಲ್ಲಿ ಒಂದೇ ಪದದೊಳಗೆ ಕೂತಿರುತ್ತದೆ. 'ಹೋಗಬೇಕಾಗಿತ್ತಲ್ಲ' ಒಂದು ಪದ, 'ಮನೆ' ಕೂಡ ಒಂದು ಪದ. ಎರಡಕ್ಕೂ ಒಂದೇ ಲೆಕ್ಕವಾ? ಎಣಿಸಬೇಡಿ ಅಂತ ನಾನು ಹೇಳುತ್ತಿಲ್ಲ. ಅದೇ ಮಗುವಿನ ಹೋದ ತಿಂಗಳ ಓದಿಗೆ ಹೋಲಿಸಲು ಎಣಿಸಿ, ಅದೂ ಅಷ್ಟೇ ಕಷ್ಟದ ಭಾಗ ಕೊಟ್ಟು. ಬೇರೆ ಮಗುವಿಗೆ ಹೋಲಿಸಲು ಬೇಡ.

ಸಂಡೂರು_ಗುಡ್ಡ
ಆಯಿತು, ಪದದ ಬದಲು ಅಕ್ಷರ ಎಣಿಸಿ. ಎಣಿಸದೆ ಇರಲು ಅದು ನೆಪ ಆಗಬಾರದು.

ಬಳ್ಳಾರಿ ಬಿಸಿಲು
ಜೋರಾಗಿ ಓದಿದವನೇ ಜಾಣ ಅಂದರೆ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಊರ ಹೆಸರು ಕೂಗುವ ಕಂಡಕ್ಟರಿಗೆ ಮೊದಲ ರ‍್ಯಾಂಕ್.

ದೇವದುರ್ಗದವ
ನಾನು ಮೇಷ್ಟ್ರಲ್ಲ. ಇಲ್ಲಿ ಬರೆಯಬಹುದೋ ಇಲ್ಲವೋ ಗೊತ್ತಿಲ್ಲ. ಬೆಂಗಳೂರಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತೇನೆ, ಮೂರು ಮಕ್ಕಳು ಜೊತೆಗಿದ್ದಾರೆ.

ಫೋನ್ ಇರುವುದು ಒಂದು. ಬೆಳಗ್ಗೆ ನನ್ನ ಜೇಬಿನಲ್ಲಿ ಹೋದರೆ ರಾತ್ರಿ ಎಂಟಕ್ಕೆ ವಾಪಸ್. ಆಗ ಚಾರ್ಜ್ ಹತ್ತೋ ಹನ್ನೆರಡೋ ಪರ್ಸೆಂಟ್. ದೊಡ್ಡವಳು ಅಡಿಗೆ ಮಾಡುತ್ತಿರುತ್ತಾಳೆ, ನಡುವಿನವನು ಸಣ್ಣದನ್ನು ಎತ್ತಿಕೊಂಡಿರುತ್ತಾನೆ. ಮೂವರಿಗೂ ಮೂರು ಮೇಷ್ಟ್ರ ಮೆಸೇಜ್ ಬಂದಿರುತ್ತದೆ. "ಕೂಡಲೇ ಓದಿ ಕಳಿಸಿ" ಅಂತೀರಿ. ಯಾವಾಗ ಕೂಡಲೇ? ನಮ್ಮವಳು ಒಂದು ಸಲ ಓದಿ ಕಳಿಸಿದಳು, ಪಕ್ಕದಲ್ಲಿ ಕಾಂಕ್ರೀಟ್ ಮಿಕ್ಸರ್ ಓಡುತ್ತಿತ್ತು, "ಸರಿಯಾಗಿ ಕೇಳಿಸಲಿಲ್ಲ, ಮತ್ತೆ ಕಳಿಸು" ಅಂತ ಬಂತು. ಅಷ್ಟರಲ್ಲಿ ಫೋನೇ ಆಫ್. ಅಂಕ ಹುಡುಗಿಗೋ ಫೋನಿಗೋ ಅಂತ ಕೇಳಬೇಕು ಅನಿಸಿತ್ತು. ಕೇಳಲಿಲ್ಲ.

ಲಿಂಗಸುಗೂರು_ಅಕ್ಕೋರು
ಅಣ್ಣಾ, ನೀವು ಬರೆದದ್ದು ಒಳ್ಳೆಯದಾಯಿತು. ನಾನು ರಾತ್ರಿ ಎಂಟೂವರೆಯ ಮೇಲೆ ಕಳಿಸಿದರೆ ಆಗುತ್ತದಾ? ಉತ್ತರಕ್ಕೆ ಒಂದು ವಾರ ಸಮಯ ಕೊಟ್ಟರೆ? ಭಾನುವಾರ ನಿಮಗೆ ರಜೆ ಇರುತ್ತದಾ?

ದೇವದುರ್ಗದವ
ಭಾನುವಾರ ಮಧ್ಯಾಹ್ನದ ಮೇಲೆ ಇರುತ್ತದೆ ಅಕ್ಕೋರೇ. ಸಂತೆಗೆ ಹೋಗಿ ಬಂದ ಮೇಲೆ. ಅದೇ ಒಳ್ಳೆಯದು.

ರಾಯಚೂರು_ದ್ವಿತೀಯ ಭಾಷೆ
ಈ ಫೋನಿನ ಪ್ರಶ್ನೆ ಹೊಸದೇನಲ್ಲ. 2020ರ ಆಗಸ್ಟ್‌ನಲ್ಲಿ, ಶಾಲೆ ಮುಚ್ಚಿದ್ದಾಗ ಮಕ್ಕಳಿರುವ ಕಡೆಗೇ ಹೋಗಿ ಕಲಿಸುವ ವಿದ್ಯಾಗಮ ಶುರು ಮಾಡಿದಾಗಲೇ ಮಕ್ಕಳನ್ನು ಮೂರು ಗುಂಪು ಮಾಡಿಸಿದ್ದರು. ಇಂಟರ್ನೆಟ್ ಇರುವ ಫೋನಿನವರು, ಬರೀ ಮಾತಾಡುವ ಫೋನಿನವರು, ಏನೂ ಇಲ್ಲದವರು. ನಮ್ಮ ಶಾಲೆಯಲ್ಲಿ ಮೂರನೇ ಗುಂಪೇ ದೊಡ್ಡದು. ಮಸೀದಿ ಪಕ್ಕದ ಕಟ್ಟೆ, ಗುಡಿಯ ಆವರಣ, ಎಲ್ಲಿ ನೆರಳಿದೆಯೋ ಅಲ್ಲಿ ಪಾಠ. ನಿಜ ಹೇಳಬೇಕೆಂದರೆ ಆ ಕಟ್ಟೆಯ ಮೇಲೆ ಮಕ್ಕಳು ಕಲಿಕೆಯಲ್ಲಿ ಎಲ್ಲಿದ್ದಾರೆ ಅಂತ ಗೊತ್ತಾದಷ್ಟು ಫೋನಿನಲ್ಲಿ ಗೊತ್ತಾಗಲೇ ಇಲ್ಲ. ಅಕ್ಟೋಬರ್‌ನಲ್ಲಿ ಅದನ್ನೂ ನಿಲ್ಲಿಸಿದರು, ಮತ್ತೆ ಶುರುವಾಗಿದ್ದು 2021ರ ಜನವರಿಯಲ್ಲಿ.

ನನ್ನದು ಉರ್ದು ಮಾಧ್ಯಮ, ಕನ್ನಡ ದ್ವಿತೀಯ ಭಾಷೆ. ನಮ್ಮ ತೊಂದರೆ ನಿಮ್ಮದಕ್ಕಿಂತ ಸ್ವಲ್ಪ ಬೇರೆ. ಮನೆಯಲ್ಲಿ ಉರ್ದು, ಓಣಿಯಲ್ಲಿ ಅರ್ಧ ತೆಲುಗು. ಎಷ್ಟೋ ಮಕ್ಕಳಿಗೆ ಪೂರ್ತಿ ವಾಕ್ಯ ಕನ್ನಡದಲ್ಲಿ ಮಾತಾಡುವ ಜಾಗ ಅಂದರೆ ಶಾಲೆ ಮಾತ್ರ. ಶಾಲೆ ಮುಚ್ಚಿದಾಗ ಮೊದಲು ಹೋಗಿದ್ದು ಓದೂ ಅಲ್ಲ ಬರಹವೂ ಅಲ್ಲ, ಮಾತು. ಇದನ್ನು ಯಾವ ನೋಟ್‌ಬುಕ್ ಫೋಟೋ ತೋರಿಸುತ್ತದೆ ಹೇಳಿ?

ನಾನು ಚಿತ್ರ ಕಳಿಸುತ್ತಿದ್ದೆ. ಸಂತೆಯ ಚಿತ್ರ, ಹತ್ತಿ ಬಿಡಿಸುವ ಚಿತ್ರ. ಒಂದು ನಿಮಿಷ ಅದರ ಬಗ್ಗೆ ಕನ್ನಡದಲ್ಲಿ ಮಾತಾಡಿ ಅಂತ. ಒಬ್ಬ ಹುಡುಗಿ ಮೊದಲು ಕಳಿಸಿದ್ದು: "ಹೆಂಗಸು. ಹತ್ತಿ. ಚೀಲ. ಬಿಸಿಲು." ಬರೀ ಹೆಸರುಗಳು. ಆರು ತಿಂಗಳ ಮೇಲೆ ಅದೇ ಚಿತ್ರ ಕಳಿಸಿದೆ. "ಬಿಸಿಲು ಜಾಸ್ತಿ ಇದೆ, ಅದಕ್ಕೆ ತಲೆ ಮೇಲೆ ಬಟ್ಟೆ ಹಾಕಿದ್ದಾಳೆ" ಅಂದಳು. 'ಅದಕ್ಕೆ' ಅಂತ ಎರಡು ಮಾತನ್ನು ಜೋಡಿಸಿದಳಲ್ಲ, ನನಗೆ ಬೇಕಾದದ್ದು ಅದು. ಅಂಕದಲ್ಲಿ ಹಾಕಿದರೆ ಬಹುಶಃ ಒಂದೇ ಅಂಕ ಜಾಸ್ತಿ ಆಗುತ್ತಿತ್ತು.

ಕುಷ್ಟಗಿ ಮಾಸ್ತರ
ದ್ವಿತೀಯ ಭಾಷೆಗೆ ಇದು ಸರಿ. ಆದರೆ ಎಂಟನೇ ಕ್ಲಾಸಿನ ಪ್ರಥಮ ಭಾಷೆಗೆ ಬರೀ ಮಾತು, ಓದು ಅಂದರೆ ಸಾಲದು. ನಾಳೆ ಅವನು ಎಸೆಸೆಲ್ಸಿ ಪರೀಕ್ಷೆ ಬರೆಯಬೇಕು. ಆಂತರಿಕ ಅಂಕ ನಾವು ಕೊಡಬಹುದು, ಮಿಕ್ಕಿದ್ದು ಅವನ ಕೈಬರಹವೇ ಗಳಿಸಬೇಕು.

ಸಿರುಗುಪ್ಪ ಹುಡುಗ
ಮಾಸ್ತರೇ, ನಾನು 2021ರ ಎಸೆಸೆಲ್ಸಿ. ನಮಗೆ ಎರಡೇ ದಿನ ಪರೀಕ್ಷೆ ಇತ್ತು, ಜುಲೈ 19 ಮತ್ತು 22. ಎರಡನೇ ದಿನ ಮೂರೂ ಭಾಷೆ ಒಂದೇ ಪ್ರಶ್ನೆಪತ್ರಿಕೆಯಲ್ಲಿ, ಒಂದೊಂದಕ್ಕೆ 40 ಅಂಕ, ಎಲ್ಲಾ ಬಹು ಆಯ್ಕೆ. ಓಎಂಆರ್ ಹಾಳೆಯಲ್ಲಿ ಗುಂಡಗೆ ಕಪ್ಪು ತುಂಬಿದ್ದು ಬಿಟ್ಟರೆ ಕನ್ನಡದಲ್ಲಿ ಒಂದು ವಾಕ್ಯ ಬರೆಯಲಿಲ್ಲ. ಪ್ರಬಂಧ ಇಲ್ಲ, ಪತ್ರ ಇಲ್ಲ, ಗಾದೆ ವಿಸ್ತರಣೆ ಇಲ್ಲ. ಕನ್ನಡದಲ್ಲಿ ಒಳ್ಳೆಯ ಅಂಕ ಬಂತು. ಪಿಯುಸಿಗೆ ಹೋಗಿ ಮೊದಲ ಟೆಸ್ಟ್‌ನಲ್ಲಿ ಒಂದು ಪುಟ ಬರೆಯಿರಿ ಅಂದಾಗ ಕೈ ನಡುಗಿತು.

ಇನ್ನೊಂದು ವಿಷಯ. ಟೀಚರ್‌ಗಳು ಫೋನ್ ಮಾಡಿ ಪ್ರಶ್ನೆ ಕೇಳಿದರೆ ನಿಮಗೆ ಎಲ್ಲಾ ಗೊತ್ತಾಗುತ್ತದೆ ಅಂದುಕೊಂಡಿದ್ದೀರಿ. ನಮ್ಮ ಮನೆಯಲ್ಲಿ ಸರ್ ಫೋನ್ ಬಂತು ಅಂದರೆ ಅಪ್ಪ ಸ್ಪೀಕರ್ ಹಾಕಿ ಪಕ್ಕದಲ್ಲೇ ನಿಲ್ಲುತ್ತಿದ್ದರು. ಬರುವ ಉತ್ತರವೂ ಬಾಯಿಗೆ ಬರುತ್ತಿರಲಿಲ್ಲ.

ಗಂಗಾವತಿಯವಳು
ಅದು ಬಹಳ ನಿಜ ತಮ್ಮಾ. ಅದಕ್ಕೇ ಲೈವ್ ಕರೆಯಲ್ಲಿ ಪ್ರಶ್ನೆ ಕೇಳುವುದಕ್ಕಿಂತ ವಾಯ್ಸ್ ನೋಟ್ ಮೇಲು ಅನ್ನುವುದು. ಬೇಡವಾದರೆ ಅಳಿಸಿ ಮತ್ತೆ ಹೇಳಬಹುದು. ಎರಡನೇ ಸಲ ಚೆನ್ನಾಗಿ ಓದಿದರೆ ಅದೂ ಕಲಿಕೆಯೇ ಅಲ್ವಾ?

ಕೊಪ್ಪಳ_ಪ್ರಬಂಧ
ಪ್ರಬಂಧದ ಮಾತು ಬಂತಲ್ಲ, ಇದನ್ನು ಕೇಳಿ. ಹೋದ ಸಲ ಮಕ್ಕಳಿಗೆ ಮನೆಯಲ್ಲಿ 'ನಾನು ಕಂಡ ಜಾತ್ರೆ' ಬರೆದು ಕಳಿಸಿ ಅಂದೆ. ನಮ್ಮ ಕೊಪ್ಪಳದ ಹುಡುಗರಿಗೆ ಜಾತ್ರೆ ಬಗ್ಗೆ ಹೇಳಿಕೊಡಬೇಕಾ! ಗವಿಮಠದ ಜಾತ್ರೆಗೆ ಹೋಗದ ಮಗುವೇ ಇಲ್ಲ. ಬಂದದ್ದು ಏನು ಗೊತ್ತಾ? "ಜಾತ್ರೆಗಳು ನಮ್ಮ ಸಾಂಸ್ಕೃತಿಕ ಪರಂಪರೆಯ ಪ್ರತೀಕವಾಗಿದ್ದು ಸಾಮಾಜಿಕ ಸಾಮರಸ್ಯವನ್ನು ಬೆಸೆಯುವಲ್ಲಿ ಮಹತ್ವದ ಪಾತ್ರ ವಹಿಸುತ್ತವೆ." ಮೂರು ಪುಟ ಹೀಗೇ. ಎಐ ಕೈಚಳಕ. ಅದನ್ನು ನೋಡಿ ಕೈಯಲ್ಲಿ ನಕಲು ಮಾಡಿದ್ದಾನೆ, ಫೋಟೋ ತೆಗೆದಿದ್ದಾನೆ.

ನಾನು ಬೈಯಲಿಲ್ಲ. ವಾಯ್ಸ್ ನೋಟ್‌ನಲ್ಲಿ ಮೂರು ಪ್ರಶ್ನೆ ಹಾಕಿದೆ. ತೇರಿಗೆ ನೀನು ಏನು ಎಸೆದೆ? ದಾಸೋಹದಲ್ಲಿ ಏನು ಉಂಡೆ? ನಿನ್ನ ಜೊತೆ ಯಾರಿದ್ದರು, ಎಲ್ಲಿ ತಪ್ಪಿಸಿಕೊಂಡಿರಿ? ಅರ್ಧ ಗಂಟೆಯಲ್ಲಿ ಉತ್ತರ ಬಂತು. ಉತ್ತತ್ತಿ ಎಸೆದದ್ದು, ಅದು ಮುಂದಿದ್ದ ಅಜ್ಜನ ರುಮಾಲಿಗೆ ಬಿದ್ದದ್ದು, ರೊಟ್ಟಿ ಮಾದಲಿ ಉಂಡದ್ದು, ಜನರ ನಡುವೆ ತಮ್ಮನ ಕೈ ಬಿಟ್ಟುಹೋಗಿ ಮೈಕಿನಲ್ಲಿ ಹೆಸರು ಕೂಗಿಸಿದ್ದು. ಎರಡೂವರೆ ನಿಮಿಷ ನಿಲ್ಲಿಸದೆ ಹೇಳಿದ್ದಾನೆ. "ಇದನ್ನೇ ಬರಿ" ಅಂದೆ. ಬರೆದ. ತಪ್ಪು ತುಂಬಾ ಇದೆ, ಆದರೆ ಆ ತಪ್ಪು ಅವನದೇ. ಅವನು ಎಲ್ಲಿದ್ದಾನೆ ಅಂತ ನನಗೆ ಗೊತ್ತಾಗಿದ್ದು ಆ ಒಂದೂವರೆ ಪುಟದಿಂದ.

ಬಳ್ಳಾರಿ ಬಿಸಿಲು
ಅಜ್ಜನ ರುಮಾಲಿನ ಕಥೆ ಮುಂದೇನಾಯಿತು?

ಕೊಪ್ಪಳ_ಪ್ರಬಂಧ
ಅಜ್ಜ ಆ ಉತ್ತತ್ತಿ ಎತ್ತಿಕೊಂಡು ತಿಂದರಂತೆ.

ಕುಷ್ಟಗಿ ಮಾಸ್ತರ
ಹೀಗೆ ಪ್ರಶ್ನೆ ಕೇಳಿ ಬರೆಸುವುದು ಚೆನ್ನಾಗಿದೆ. ನಾನು ಒಂದು ಸೇರಿಸುತ್ತೇನೆ. ಮೊದಲ ಕರಡು, ಎರಡನೇ ಕರಡು ಎರಡನ್ನೂ ಇಡಿ. ಕೊನೆಯದಕ್ಕೆ ಮಾತ್ರ ಅಂಕ ಕೊಟ್ಟರೆ ಮಧ್ಯೆ ಏನಾಯಿತು ಅಂತ ಯಾರಿಗೂ ತಿಳಿಯುವುದಿಲ್ಲ.

ಕಾಗುಣಿತ, ಒತ್ತಕ್ಷರಕ್ಕೆ ಹಳೆಯ ಉಕ್ತಲೇಖನವೇ ಸರಿ. ವಾಯ್ಸ್ ನೋಟ್‌ನಲ್ಲಿ ಹತ್ತು ಪದ, ಎರಡು ವಾಕ್ಯ ಹೇಳಿ. ಕೇಳುತ್ತಾ ಪೆನ್ಸಿಲ್‌ನಲ್ಲಿ ಬರೆದು ಆಗಲೇ ಫೋಟೋ ಕಳಿಸಲಿ, ಅಳಿಸುವಂತಿಲ್ಲ. ಗೂಗಲ್ ಫಾರ್ಮ್ ಮಾತ್ರ ಬೇಡವೇ ಬೇಡ. ಕೀಬೋರ್ಡ್ ಎರಡು ಅಕ್ಷರ ಒತ್ತಿದ ಕೂಡಲೇ ಪೂರ್ತಿ ಪದ ತೋರಿಸುತ್ತದೆ. ಮಹಾಪ್ರಾಣ ಗೊತ್ತಿರುವುದು ಕೀಬೋರ್ಡಿಗೆ, ಹುಡುಗನಿಗಲ್ಲ.

ಸಂಡೂರು_ಗುಡ್ಡ
ಎಲ್ಲರೂ ಈಗಿನದನ್ನು ಅಳೆಯುವ ಮಾತಾಡುತ್ತಿದ್ದೀರಿ. ಪ್ರಗತಿ ಅಂದಮೇಲೆ ಎಲ್ಲಿಂದ ಹೊರಟರು ಅನ್ನುವುದೂ ಬೇಕು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರ ಜನವರಿಯಲ್ಲಿ ಮಾಡಿದ ಅಧ್ಯಯನ ನೆನಪಿದೆಯಾ? ಕರ್ನಾಟಕವೂ ಸೇರಿ ಐದು ರಾಜ್ಯ, 44 ಜಿಲ್ಲೆ, ಸರ್ಕಾರಿ ಶಾಲೆಯ 16,067 ಮಕ್ಕಳು, ಎರಡರಿಂದ ಆರನೇ ತರಗತಿ. ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಒಂದಾದರೂ ಸಾಮರ್ಥ್ಯವನ್ನು 92 ಪರ್ಸೆಂಟ್ ಮಕ್ಕಳು ಕಳೆದುಕೊಂಡಿದ್ದರು. ಚಿತ್ರ ನೋಡಿ ಹೇಳುವುದು, ಅರ್ಥ ಮಾಡಿಕೊಂಡು ಓದುವುದು, ಸಣ್ಣ ವಾಕ್ಯ ಬರೆಯುವುದು, ಇಂಥವು.

ಇಲ್ಲಿ ಗಮನಿಸಬೇಕಾದದ್ದು ಬೇರೆ. ಶಾಲೆ ಮುಚ್ಚಿದಾಗ ಆ ಮಗು ಕಲಿಕೆಯಲ್ಲಿ ಎಲ್ಲಿತ್ತು ಅಂತ ಹೇಳಿದ್ದು ಅದರ ಟೀಚರೇ. ಅಕ್ಕೋರೇ, ನಿಮ್ಮ ಹತ್ತಿರ ಗುಳೆ ಹೋಗುವ ಮುಂಚಿನ ನೋಟ್‌ಬುಕ್, ಟೆಸ್ಟ್ ಪೇಪರ್ ಇವೆಯಾ?

ಲಿಂಗಸುಗೂರು_ಅಕ್ಕೋರು
ಟೆಸ್ಟ್ ಪೇಪರ್ ಎಲ್ಲಾ ಬೀರುವಿನಲ್ಲಿ ಇವೆ. ಓದಿಸಿದ್ದರ ದಾಖಲೆ ಇಲ್ಲ, ನೆನಪು ಮಾತ್ರ.

ಆ 'ಸ್ವಾತಂತ್ರ್ಯೋತ್ಸವ'ದ ಹುಡುಗನಿಗೆ ಭಾನುವಾರ ಸಂಜೆ ಉಕ್ತಲೇಖನ ಕಳಿಸಿದೆ, ಮಾಸ್ತರು ಹೇಳಿದ ಹಾಗೆ. ಹತ್ತರಲ್ಲಿ ನಾಲ್ಕು ಸರಿ. 'ವಿದ್ಯಾರ್ಥಿ' ಈಗಲೂ 'ವಿದ್ಯಾರ್ತಿ'. "ಹಾಗಾದರೆ ಅದನ್ನು ಹೇಗೆ ಬರೆದೆ?" ಅಂತ ಕೇಳಿದೆ. ಮುಚ್ಚಿಡಲಿಲ್ಲ. "ಫೋನಿಗೆ ಮೈಕ್ ಒತ್ತಿ ಹೇಳಿದ್ರ ಅದs ಬರೀತೈತ್ರೀ, ನಾ ನೋಡ್ಕೋತ ನೋಟ್‌ಬುಕ್ಕಿಗೆ ಇಳಿಸಿದ್ನಿ" ಅಂದ. ಉತ್ತರ ಮಾತ್ರ ಅವನೇ ಯೋಚನೆ ಮಾಡಿ ಹೇಳಿದ್ದು. ಗೈಡಿನದಲ್ಲ, ನಾನು ತಾಳೆ ನೋಡಿದೆ.

ಗಂಗಾವತಿ ಮೇಡಂ ಹೇಳಿದ ಓದನ್ನೂ ಮಾಡಿಸಿದೆ. ಅದರಲ್ಲಿ ಆಶ್ಚರ್ಯ! ಮೊದಲಿಗಿಂತ ಸಲೀಸಾಗಿ ಓದುತ್ತಾನೆ. ಶೆಡ್ಡಿನಲ್ಲಿ ದೊಡ್ಡವರಿಗೆ ಬಂದ ಮೆಸೇಜ್‌ಗಳನ್ನೆಲ್ಲ ಓದಿ ಹೇಳುವುದು ಅವನ ಕೆಲಸವಂತೆ.

ಕುಷ್ಟಗಿ ಮಾಸ್ತರ
ನೋಡಿ, ಬರಹದಲ್ಲಿ ನಿಂತಿದ್ದಾನೆ. ಮೈಕಿಗೆ ಹೇಳಿ ಇಳಿಸಿಕೊಳ್ಳುವುದು ನಕಲೇ. ಅದಕ್ಕೆ ಅಂಕ ಇಲ್ಲ.

ಗಂಗಾವತಿಯವಳು
ಇಲ್ಲ ಸರ್, ನಾನು ಒಪ್ಪುವುದಿಲ್ಲ. ವಾಕ್ಯ ಕಟ್ಟಿದ್ದು ಅವನು, ಅಕ್ಷರ ಹಾಕಿದ್ದು ಫೋನ್. ಎರಡನ್ನೂ ಬೇರೆ ಬೇರೆ ಬರೆದಿಡಿ. ವಿಷಯ ಹೇಳುವುದರಲ್ಲಿ ಮುಂದಿದ್ದಾನೆ, ಓದಿನಲ್ಲಿ ಮುಂದಿದ್ದಾನೆ, ಒತ್ತಕ್ಷರದಲ್ಲಿ ಹಿಂದಿದ್ದಾನೆ. ಒಂದೇ ಅಂಕದಲ್ಲಿ ಎಲ್ಲವನ್ನೂ ಕಲಸಿದರೆ ಅವನಿಗೆ ಏನು ಹೇಳಿಕೊಡಬೇಕು ಅಂತಲೇ ತಿಳಿಯುವುದಿಲ್ಲ.

ಕುಷ್ಟಗಿ ಮಾಸ್ತರ
ಹೇಳಿಕೊಡಲು ಅದು ಸರಿ. ಎಫ್‌ಎ ಕಾಲಮ್ಮಿನಲ್ಲಿ ಒಂದೇ ಅಂಕಿ ಹಿಡಿಸುತ್ತದೆ ಮೇಡಂ.

ರಾಯಚೂರು_ದ್ವಿತೀಯ ಭಾಷೆ
ಎಫ್‌ಎಯಲ್ಲಿ ಚಟುವಟಿಕೆಗೆ ಬೇರೆ ಅಂಕ ಇದೆಯಲ್ಲ. ಓದು, ಮಾತು ಎರಡನ್ನೂ ಅಲ್ಲಿ ಹಾಕಿ. ಉಕ್ತಲೇಖನವನ್ನು ಲಿಖಿತಕ್ಕೆ ಸೇರಿಸಿ. ನಾನು ಹಾಗೆಯೇ ಮಾಡುವುದು, ಇದುವರೆಗೆ ಯಾರೂ ಕೇಳಿಲ್ಲ.

ಲಿಂಗಸುಗೂರು_ಅಕ್ಕೋರು
ಇದು ನನಗೆ ಹಿಡಿಸಿತು. ಲಿಖಿತದಲ್ಲಿ ಕಡಿಮೆ ಬರುತ್ತದೆ, ಬರಲಿ. ಒಂದು ಪುಟದಲ್ಲಿ ಒಬ್ಬೊಬ್ಬರಿಗೆ ನಾಲ್ಕು ಸಾಲು ಬರೆದು ಅಂಕಪಟ್ಟಿಗೆ ಪಿನ್ ಮಾಡುತ್ತೇನೆ. ಯುಗಾದಿಗೆ ವಾಪಸ್ ಬಂದಾಗ ಎಲ್ಲಿಂದ ಶುರು ಮಾಡಬೇಕು ಅಂತ ನನಗೂ ಬೇಕಲ್ಲ.

ಸಂಡೂರು_ಗುಡ್ಡ
ತಪಾಸಣೆಗೆ ಬಂದವರು ಆಧಾರ ಕೇಳಿದರೆ ವಾಯ್ಸ್ ನೋಟ್ ಹಾಕಿ ಕೇಳಿಸುತ್ತೀರಾ?

ಲಿಂಗಸುಗೂರು_ಅಕ್ಕೋರು
ಕೇಳಿಸುತ್ತೇನೆ, ಅವರಿಗೆ ಪುರುಸೊತ್ತಿದ್ದರೆ. ಆದರೆ ನನ್ನ ಫೋನ್ ಈಗಲೇ ಮೆಮೊರಿ ಫುಲ್ ಅನ್ನುತ್ತಿದೆ.

ಸಿರುಗುಪ್ಪ ಹುಡುಗ
ಮೇಡಂ, ಮೊದಲು ಗ್ರೂಪಿನ ಗುಡ್ ಮಾರ್ನಿಂಗ್ ಫೋಟೋ ಎಲ್ಲಾ ಡಿಲೀಟ್ ಮಾಡಿ, ಅರ್ಧ ಜಾಗ ಅಲ್ಲೇ ಸಿಗುತ್ತದೆ. ವಾಯ್ಸ್ ನೋಟ್‌ಗಳನ್ನು ಗೂಗಲ್ ಡ್ರೈವ್‌ಗೆ ಹಾಕಿ, ಮಗುವಿಗೆ ಒಂದು ಫೋಲ್ಡರ್, ಫೈಲಿಗೆ ತಾರೀಖಿನ ಹೆಸರು. ವಾಟ್ಸಾಪ್‌ನಲ್ಲೇ ಬಿಟ್ಟರೆ ಫೋನ್ ಬದಲಾಯಿಸಿದಾಗ ಹೋಗಿಬಿಡಬಹುದು.

ಬಳ್ಳಾರಿ ಬಿಸಿಲು
ಗುಡ್ ಮಾರ್ನಿಂಗ್ ಕಳಿಸುವವರು ನಮ್ಮ ಹೆಡ್‌ಮಾಸ್ತರು. ಡಿಲೀಟ್ ಮಾಡಿದ್ದು ಅವರಿಗೆ ಗೊತ್ತಾಗುತ್ತದಾ?

ಸಿರುಗುಪ್ಪ ಹುಡುಗ
ಗೊತ್ತಾಗುವುದಿಲ್ಲ ಸರ್. 'ಡಿಲೀಟ್ ಫಾರ್ ಮಿ' ಒತ್ತಿ.